ಬೇಡೆಕರನ ನಕ್ಷತ್ರಗಳು

ಪ್ರವಾಸದ ಕೈಪಿಡಿಯೆಂದರೆ ಸಾಹಿತ್ಯಾಸಕ್ತರಲ್ಲಿ ಒಂದು ಬಗೆಯ ತಾತ್ಸಾರವು ರೂಢವಾಗಿದೆ. ಆ ತಾತ್ಸಾರಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಗುರಿಯಾದುದು ಜರ್ಮನ್ ಪ್ರಕಾಶಕ ಕಾರ್ಲ್ ಬೇಡೆಕರನ ಕೆಂಪು ರಟ್ಟಿನ ಪುಸ್ತಕ. 1827ರಲ್ಲಿ ಕೊಬ್ಲೆನ್ಸ್ ಪಟ್ಟಣದಲ್ಲಿ ಆತನು ತೆರೆದ ಪ್ರಕಾಶನಾಲಯದ ಚರಿತ್ರೆಯನ್ನಾಗಲಿ, ಲಂಡನ್ನಿನ ಜಾನ್ ಮರೆಯ ಕೈಪಿಡಿಗಳಿಗೆ ಆತನು ಸಲ್ಲಿಸಬೇಕಾದ ಋಣವನ್ನಾಗಲಿ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನನ್ನ ಅಭಿಪ್ರಾಯವಿಷ್ಟು: ಈ ಗ್ರಂಥಮಾಲೆಗೆ ಕೀರ್ತಿಯೂ ಅಪಕೀರ್ತಿಯೂ ಬಂದುದು ನೋಡತಕ್ಕವುಗಳಿಗೆ ಅದು ಹಚ್ಚುತ್ತಿದ್ದ ನಕ್ಷತ್ರಚಿಹ್ನೆಯಿಂದ, ಅದರ ಸತ್ತ್ವವಿರುವುದು ಯಾರೂ ಹೊಗಳದ, ಯಾರೂ ತೆಗಳದ ಸಣ್ಣಕ್ಷರದ ಪಂಕ್ತಿಗಳಲ್ಲಿ.

ಬೇಡೆಕರನಿಗೂ ಮುಂಚೆ ಮರಿಯಾನಾ ಸ್ಟಾರ್ಕ್ ಎಂಬ ಆಂಗ್ಲ ಲೇಖಕಿಯು ಕಲಾಕೃತಿಗಳ ತಾರತಮ್ಯವನ್ನು ಆಶ್ಚರ್ಯಸೂಚಕ ಚಿಹ್ನೆಗಳಿಂದ ತೋರಿಸಿದ್ದಳು. ಆಕೆಯ ಚಿಹ್ನೆಯಲ್ಲಿ ನೋಡಿದವಳ ಉದ್ಗಾರವಾದರೂ ಉಳಿದಿತ್ತು. 1840ರ ದಶಕದಲ್ಲಿ ಬೇಡೆಕರನು ಬಳಕೆಗೆ ತಂದ ನಕ್ಷತ್ರದಲ್ಲಿ ನೋಡಿದವನು ಮರೆಯಾಗಿ ತೀರ್ಪೊಂದೇ ಉಳಿಯಿತು. ಕಾರಣವನ್ನು ಹೇಳದ ತೀರ್ಪು ವಿಮರ್ಶೆಯಾಗಲಾರದು. ಅದನ್ನು ಯಾರು ಬೇಕಾದರೂ ಯಾವ ಕಾರ್ಯಕ್ಕೆ ಬೇಕಾದರೂ ಎತ್ತಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಬೇಡೆಕರ್ ಮೂರು ನಕ್ಷತ್ರ ಕೊಟ್ಟ ಕಟ್ಟಡಗಳನ್ನೆಲ್ಲ ಬಾಂಬು ಹಾಕಿ ಕೆಡಹುವೆವೆಂದು 1942ರ ಏಪ್ರಿಲಿನಲ್ಲಿ ಜರ್ಮನ್ ವಿದೇಶಾಂಗ ಖಾತೆಯ ವಕ್ತಾರನೊಬ್ಬನು ಸಾರಿದನು. ಬಾತ್, ನಾರಿಚ್, ಯಾರ್ಕ್ ಪಟ್ಟಣಗಳು ಉರಿದುವು. ಆ ಗ್ರಂಥದಲ್ಲಿ ಎರಡಕ್ಕಿಂತ ಹೆಚ್ಚು ನಕ್ಷತ್ರಗಳೇ ಇರಲಿಲ್ಲ.

ಆದರೆ ನಕ್ಷತ್ರದ ದೋಷವನ್ನು ಇಡೀ ಪುಸ್ತಕದ ತಲೆಗೆ ಕಟ್ಟುವವರೊಡನೆ ನನಗೆ ಬಲವಾದ ಭಿನ್ನಾಭಿಪ್ರಾಯವಿದೆ. ಅವರು ಸಾಕ್ಷಿಗೆ ಕರೆಯುವುದು ಇ. ಎಂ. ಫಾರ್ಸ್ಟರನನ್ನು. 1908ರಲ್ಲಿ ಪ್ರಕಟವಾದ 'ಎ ರೂಮ್ ವಿತ್ ಎ ವ್ಯೂ' ಕಾದಂಬರಿಯಲ್ಲಿ ಆತನು ಲೂಸಿಯೆಂಬ ತರುಣಿಯನ್ನು ಕೈಯಲ್ಲಿ ಬೇಡೆಕರ್ ಇಲ್ಲದೆಯೇ ಫ್ಲಾರೆನ್ಸಿನ ಸಾಂತಾ ಕ್ರೋಚೆ ಇಗರ್ಜಿಯೊಳಕ್ಕೆ ಕಳುಹಿಸುತ್ತಾನೆ. ಜೊತ್ತೊ ಬರೆದ ಭಿತ್ತಿಚಿತ್ರಗಳಾವುವು, ಕಲಾವಿಮರ್ಶಕ ರಸ್ಕಿನ್ ಮೆಚ್ಚಿದ ಸಮಾಧಿಶಿಲೆ ಯಾವುದು ಎಂದು ಹೇಳುವವರಿಲ್ಲದೆ ಕಂಗೆಟ್ಟ ಆಕೆ, ಕ್ರಮೇಣ ಮಾಹಿತಿಯ ಹಂಬಲವನ್ನು ತೊರೆದು ಸಂತೋಷಪಡತೊಡಗುತ್ತಾಳೆ. ಪುಸ್ತಕದಿಂದ ದೊರೆತ ಬಿಡುಗಡೆಯೆಂದೇ ಇದನ್ನು ಓದುವುದು ವಾಡಿಕೆ. ಆದರೆ ಆ ಸಂತೋಷದ ಕ್ಷಣದಲ್ಲಿ ಲೂಸಿ ಮಾಡುವುದೇನು? ನಾಯಿಗಳನ್ನು ಒಳಗೆ ತರಬಾರದು, ನೆಲದ ಮೇಲೆ ಉಗುಳಬಾರದು ಎಂಬ ಇಟಾಲಿಯನ್ ಸೂಚನಾಫಲಕಗಳನ್ನು ತಾನಾಗಿಯೇ ಕಷ್ಟಪಟ್ಟು ಬಿಡಿಸಿ ಓದುತ್ತಾಳೆ! ಆಕೆ ಕಳೆದುಕೊಂಡುದು ಮೆಚ್ಚುವುದಕ್ಕೆ ಬೇಕೆಂದು ತಿಳಿದಿದ್ದ ಅನುಮತಿಯನ್ನು, ಎಂದರೆ ನಕ್ಷತ್ರವನ್ನು. ಪಡೆದುಕೊಂಡುದು ಸ್ಥಳದ ಸಣ್ಣಕ್ಷರವನ್ನು. ಇದೇ ಫಾರ್ಸ್ಟರ್ 1922ರಲ್ಲಿ ಅಲೆಕ್ಸಾಂಡ್ರಿಯ ನಗರಕ್ಕೆ ತಾನೇ ಒಂದು ಕೈಪಿಡಿಯನ್ನು ಬರೆದು, ಚರಿತ್ರೆಯ ಭಾಗವನ್ನೂ ದರ್ಶನದ ಭಾಗವನ್ನೂ ಪರಸ್ಪರ ಸೂಚನೆಗಳಿಂದ ಹೆಣೆದನೆಂಬುದನ್ನು ಆತನ ಅನುಯಾಯಿಗಳು ಮರೆಯುತ್ತಾರೆ.

1957ರಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಎತ್ತಿದ ಆಕ್ಷೇಪವು ಇನ್ನೂ ಗಂಭೀರವಾದುದು: ಫ್ರೆಂಚರ ನೀಲಿ ಕೈಪಿಡಿಗೆ ಸ್ಪೇನ್ ದೇಶವೆಂದರೆ ಬೆಟ್ಟಗಳು ಮತ್ತು ಇಗರ್ಜಿಗಳು; ಅಲ್ಲಿಯ ಮನುಷ್ಯರು ಬರಿಯ ಮಾದರಿಗಳು. ಆ ಪುಸ್ತಕದ ಮಟ್ಟಿಗೆ ಇದನ್ನು ಒಪ್ಪಬಹುದು. ಸಕಲ ಕೈಪಿಡಿಗಳಿಗೂ ಇದನ್ನು ಅನ್ವಯಿಸುವುದು ಅನ್ಯಾಯ; ಏಕೆಂದರೆ ಬೇಡೆಕರನ ಘೋಷಿತ ಉದ್ದೇಶವೇ ಪ್ರವಾಸಿಯನ್ನು ಹೋಟೆಲಿನವರ ಮತ್ತು ಬಾಡಿಗೆಯ ಮಾರ್ಗದರ್ಶಕರ ಹಂಗಿನಿಂದ ಬಿಡಿಸುವುದಾಗಿತ್ತು. 1929ರ ಈಜಿಪ್ಟ್ ಸಂಪುಟದಲ್ಲಿ ಕಾರ್ನಾಕದ ದೇವಾಲಯವನ್ನು ವರ್ಣಿಸುವಾಗ ನಕ್ಷೆಯ ಮೇಲಿನ ಅಕ್ಷರ, ಅಂಕೆಗಳನ್ನು ಹಿಡಿದು ಗದ್ಯವು ಓದುಗನನ್ನು ದ್ವಾರದಿಂದ ದ್ವಾರಕ್ಕೆ ನಡೆಸುತ್ತದೆ. ಎಡಗಡೆಯ ಗೋಡೆಯಲ್ಲಿ ಯಾವ ಅರಸನು ಯಾವ ದೇವತೆಯ ಮುಂದೆ ನಿಂತಿದ್ದಾನೆಂದು ತಿಳಿಸಿ ಸುಮ್ಮನಾಗುತ್ತದೆ. ಮೆಚ್ಚುವ ಕೆಲಸವನ್ನು ನೋಡುವವನಿಗೇ ಬಿಡುತ್ತದೆ. ದೀರ್ಘ ಪ್ರಯಾಣದ ಭಾರವನ್ನು ಅರಿತು, ಕೆಲವು ಸಂಪುಟಗಳನ್ನು ಹೊಲಿಗೆಯ ದಾರ ಕತ್ತರಿಸಿ ಭಾಗಭಾಗವಾಗಿ ಬೇರ್ಪಡಿಸಿಕೊಳ್ಳುವಂತೆ ಕಟ್ಟಿದ್ದರು.

ಆದಕಾರಣ ಪರದೇಶಗಳಲ್ಲಿ ತಿಂಗಳುಗಟ್ಟಲೆ ಸಂಚರಿಸಲು ಹೊರಟ ಕನ್ನಡಿಗನು ಪುಸ್ತಕವನ್ನಾರಿಸುವಾಗ ನಕ್ಷತ್ರಗಳನ್ನೆಣಿಸಬೇಕಾಗಿಲ್ಲ. ಅದೇ ಮಾಲೆಯ ಭಾರತ ಸಂಪುಟವನ್ನು ತೆರೆದು, ಹಳೇಬೀಡಿನ ಪುಟವನ್ನು ಹುಡುಕಿ, ಹೊಯ್ಸಳೇಶ್ವರನ ಗುಡಿಯ ಆನೆಸಾಲು ಎಲ್ಲಿದೆ, ಯಾವ ಕಡೆಯಿಂದ ಪ್ರದಕ್ಷಿಣೆ ಹೊರಡಬೇಕು ಎಂಬುದನ್ನು ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಲಿ. ನಮ್ಮ ಗುಡಿಯ ಸುತ್ತ ನೆಟ್ಟಗೆ ನಡೆಯಬಲ್ಲ ಲೇಖಕನನ್ನು ರೋಮಿನಲ್ಲಿಯೂ ನಂಬಬಹುದು.