‘ಜಡ’ವೆಂಬ ಮಾತು: ಕೃತಕ ಕೀಲಿನ ಚರಿತ್ರೆಯ ಒಂದು ವಿಮರ್ಶೆ

ಕೃತಕ ಸೊಂಟದ ಕೀಲಿನ ಚರಿತ್ರೆಯನ್ನು ಬರೆಯುವವರು ಜಾನ್ ಚಾರ್ನ್‌ಲಿಯವರ ಟೆಫ್ಲಾನ್ ಪ್ರಯೋಗವನ್ನು ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ: ಮೊದಲು ಆರಿಸಿದ ಪಾಲಿಮರು ಅಯೋಗ್ಯವಾದುದು, ಅನಂತರ ದೊರೆತ ಪಾಲಿಎಥಿಲೀನು ಯೋಗ್ಯವಾದುದು. ಈ ನಿರೂಪಣೆ ಓದಲು ಸುಲಭವಾದರೂ ನಡೆದ ಸಂಗತಿಗೆ ನ್ಯಾಯ ಸಲ್ಲಿಸುವುದಿಲ್ಲವೆಂದು ನಾವು ಭಾವಿಸುತ್ತೇವೆ.

ಲಂಕಾಷೈರಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ 1958ರ ಸುಮಾರಿಗೆ ಚಾರ್ನ್‌ಲಿಯವರು ಟೆಫ್ಲಾನಿನ ಬಟ್ಟಲನ್ನೂ ಉಕ್ಕಿನ ಗುಂಡನ್ನೂ ಜೋಡಿಸತೊಡಗಿದರು. ಪ್ರಬಲ ಆಮ್ಲಗಳಿಗೂ ಬಗ್ಗದ ಟೆಫ್ಲಾನು ಶರೀರದಲ್ಲಿ ಜಡವಾಗಿರುವುದೆಂಬ ನಂಬಿಕೆ ಅಸಂಗತವೇನೂ ಆಗಿರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಗುಂಡು ಬಟ್ಟಲನ್ನು ಕೊರೆಯಿತು, ಸವೆದ ಪುಡಿಯ ಸುತ್ತ ಗಿಣ್ಣಿನಂತಹ ಮುದ್ದೆ ಬೆಳೆಯಿತು, ಕೀಲುಗಳು ಸಡಿಲವಾದವು. ಸುಮಾರು 300 ಶಸ್ತ್ರಚಿಕಿತ್ಸೆಗಳು ಆ ವೇಳೆಗೆ ನಡೆದುಹೋಗಿದ್ದವು. ಚಾರ್ನ್‌ಲಿಯವರು ಎರಡೂ ಪಾಲಿಮರುಗಳನ್ನು ತಮ್ಮ ತೊಡೆಯಲ್ಲಿಯೇ ಇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನಿದ್ದೆಡೆ ಗಂಟುಗಳು ಬೆಳೆದವು, ಪಾಲಿಎಥಿಲೀನಿನ ಕುರುಹು ಕೈಗೆ ಸಿಕ್ಕಲಿಲ್ಲ. 1962ರ ನವೆಂಬರಿನಿಂದ ಬಟ್ಟಲು ಪಾಲಿಎಥಿಲೀನಿನದಾಯಿತು.

ಚರಿತ್ರಕಾರರು ಇಲ್ಲಿಗೆ ನಿಲ್ಲುತ್ತಾರೆ. ನಮ್ಮ ಆಕ್ಷೇಪಣೆ ಇಲ್ಲಿಂದಲೇ ಮೊದಲಾಗುತ್ತದೆ. ಶರೀರದ ರಕ್ಷಣಾವ್ಯವಸ್ಥೆ ವಸ್ತುವಿನ ರಾಸಾಯನಿಕ ಸ್ವರೂಪವನ್ನಷ್ಟೇ ಗಮನಿಸುವುದಿಲ್ಲ. ಇಡಿಯಾದ ತುಂಡೊಂದು ಒಳಹೊಕ್ಕರೆ ಅದನ್ನು ನುಂಗಲಾರದ ಮ್ಯಾಕ್ರೊಫೇಜ್ ಕಣಗಳು ಒಂದುಗೂಡಿ ಮೇಲ್ಮೈಗೆ ಅಂಟಿಕೊಳ್ಳುತ್ತವೆ, ಸುತ್ತಲೂ ನಾರಿನ ತೆಳುಪೊರೆ ಕಟ್ಟುತ್ತದೆ. ಅದೇ ವಸ್ತು ಕೆಲವು ಮೈಕ್ರಾನು ಗಾತ್ರದ ಪುಡಿಯಾದರೆ ಅವು ನುಂಗುತ್ತವೆ. ಅರಗಿಸಲಾರದೆ ಉರಿಯೂತದ ಸಂಕೇತದ್ರವ್ಯಗಳನ್ನು ಸ್ರವಿಸುತ್ತವೆ. ಅದರ ಪ್ರೇರಣೆಯಿಂದ ಮೂಳೆ ಕರಗುತ್ತದೆ. ಪಾಲಿಎಥಿಲೀನು ನಿಧಾನವಾಗಿ ಸವೆಯಿತೆಂಬುದೇ ಅದರ ಹೆಚ್ಚುಗಾರಿಕೆ. ಅದರ ಪುಡಿಯೂ ಮೂಳೆಯನ್ನು ಕರಗಿಸಬಲ್ಲದೆಂಬುದು ವರ್ಷಗಳ ತರುವಾಯ ಅನೇಕ ರೋಗಿಗಳಲ್ಲಿ ಕಂಡುಬಂದಿತು. ‘ಯೋಗ್ಯವಾದ ವಸ್ತು ದೊರೆಯಿತು’ ಎಂದು ಬರೆದು ಪ್ರಕರಣವನ್ನು ಮುಚ್ಚುವ ಗ್ರಂಥಗಳಲ್ಲಿ ಈ ರೋಗಿಗಳಿಗೆ ಸ್ಥಳವೇ ಇಲ್ಲ.

ರಸಾಯನಕ್ಕೆ ಪಾತ್ರವಿಲ್ಲವೆಂದು ನಾವು ಹೇಳುತ್ತಿಲ್ಲ; ಮೇಲ್ಮೈಗೆ ಯಾವ ಪ್ರೋಟೀನು ಅಂಟುವುದೆಂಬುದು ಬಹುಮಟ್ಟಿಗೆ ಅದನ್ನು ಅವಲಂಬಿಸಿದೆ. ಆದರೂ 2015ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದೇ ಆಲ್ಜಿನೇಟಿನಿಂದ ಮಾಡಿದ 1.5 ಮಿಲಿಮೀಟರು ವ್ಯಾಸದ ಗೋಲಿಗಳ ಸುತ್ತ, 0.5 ಮಿಲಿಮೀಟರಿನವುಗಳಿಗಿಂತ ಬಹಳ ಕಡಮೆ ನಾರು ಕಟ್ಟಿತು. ಕೀಲಿನ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು: 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಬಟ್ಟಲುಗಳೂ ಪಾಲಿಎಥಿಲೀನಿನವೇ. ವಿಕಿರಣದಿಂದ ಅದರ ಸರಪಣಿಗಳನ್ನು ಅಡ್ಡಲಾಗಿ ಬೆಸೆದುದರಿಂದ ಸವೆತ ತಗ್ಗಿತು. ಮೂಳೆ ಕರಗುವುದೂ ತಗ್ಗಿತು.