ಒಂದೇ ಓದಿಗೆ ಸಾವಿರ ಪದ

ಪುಟದಲ್ಲಿ ಒಂದು ಪದ ಹುಡುಕುವುದು ಕಂಪ್ಯೂಟರಿಗೆ ಲೆಕ್ಕಕ್ಕೇ ಬಾರದ ಕೆಲಸ. ಪಟ್ಟಿಯಲ್ಲಿ ಹತ್ತು ಸಾವಿರ ಪದಗಳಿದ್ದರೆ? ಲೂಪ್ ಬರೆದು ಅದೇ ಪುಟವನ್ನು ಹತ್ತು ಸಾವಿರ ಸಲ ಓದಿಸುವವರು ಈಗಲೂ ಇದ್ದಾರೆ. ಕಂಡಾಗಲೆಲ್ಲ ಸಂಕಟವಾಗುತ್ತದೆ. ಒಂದೇ ಓದಿನಲ್ಲಿ ಎಲ್ಲವನ್ನೂ ಹೆಕ್ಕುವ ವಿಧಾನ 1975ರಲ್ಲೇ ಪ್ರಕಟವಾಗಿದೆ. ಅದನ್ನು ಕೊಟ್ಟವರು ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಅಹೋ ಮತ್ತು ಮಾರ್ಗರೆಟ್ ಕೊರಾಸಿಕ್. ಗ್ರಂಥಸೂಚಿ ಹುಡುಕುವ ಅಲ್ಲಿನ ಪ್ರೋಗ್ರಾಮಿನ ವೇಗ ಇದರಿಂದ 5ರಿಂದ 10 ಪಟ್ಟು ಹೆಚ್ಚಿತು. ಯುನಿಕ್ಸ್‌ನಲ್ಲಿ ಪದ ಹುಡುಕುವ ಎಫ್‌ಗ್ರೆಪ್ ಇದರ ಮೇಲೆ ನಿಂತಿತು. ವೈರಸ್ ಹಿಡಿಯುವ ಕ್ಲಾಮ್‌ಎವಿಯೂ ಇದನ್ನು ಬಳಸುತ್ತದೆ.

ಇದರ ಸೊಗಸು ತಿಳಿಯಲು ಪುಟ್ಟ ಪಟ್ಟಿ ಸಾಕು: ಸಮರ, ಮರ, ಮರಳು, ರಸ. ಮೊದಲು ಇವನ್ನು ಅಕ್ಷರ ಅಕ್ಷರವಾಗಿ ಕವಲೊಡೆಯುವ ಮರವಾಗಿ, ಅಂದರೆ ಟ್ರೈ ಆಗಿ, ಜೋಡಿಸಬೇಕು. ಈಗ ‘ಸಮರಸ’ ಎಂಬ ಪಠ್ಯ ಓದೋಣ. ಸ, ಮ, ರ ದಾಟಿದಾಗ ‘ಸಮರ’ ಸಿಕ್ಕಿತು. ಅದರ ಬಾಲದಲ್ಲೇ ‘ಮರ’ ಇರುವುದೂ ಅಲ್ಲೇ ದಾಖಲಾಗಿರುವುದರಿಂದ ಅದೂ ಕೈಗೆ ಬಂತು. ಮುಂದಿನದು ಸ. ‘ಸಮರ’ದಿಂದ ಸ ಕಡೆಗೆ ದಾರಿಯಿಲ್ಲ. ಹಾಗೆಂದು ಪಠ್ಯದಲ್ಲಿ ಹಿಂದಕ್ಕೆ ಹೋಗಬೇಕಿಲ್ಲ. ಮೊದಲೇ ಹಾಕಿಟ್ಟ ಫೇಲ್ಯೂರ್ ಲಿಂಕ್, ಅಂದರೆ ದಾರಿ ಸಿಗದಾಗ ಹಿಡಿಯುವ ಕೊಂಡಿ, ನಮ್ಮನ್ನು ‘ಮರ’ಕ್ಕೆ ಇಳಿಸುತ್ತದೆ. ಅಲ್ಲಿಂದ ಇರುವುದು ಳು ಕಡೆಯ ದಾರಿ ಮಾತ್ರ. ಮತ್ತೊಂದು ಲಿಂಕ್ ಹಿಡಿದು ‘ರ’ಕ್ಕೆ ಇಳಿದರೆ ಅಲ್ಲಿ ಸ ಇದೆ, ‘ರಸ’ ಸಿಕ್ಕಿತು. ನಾಲ್ಕು ಅಕ್ಷರ, ಮೂರು ಪದ. ಯಾವ ಅಕ್ಷರವನ್ನೂ ಎರಡನೇ ಸಲ ಪಠ್ಯದಿಂದ ತೆಗೆದುಕೊಂಡಿಲ್ಲ. ದಾರಿ ತಪ್ಪಿದಾಗಲೂ ಅಲ್ಲಿಯವರೆಗೆ ಓದಿದ್ದರಲ್ಲಿ ಉಪಯೋಗಕ್ಕೆ ಬರುವಷ್ಟನ್ನು ಉಳಿಸಿಕೊಳ್ಳುವ ಈ ಜಾಣ್ಮೆಯೇ ನನಗೆ ಅತಿ ಪ್ರಿಯ. ಪಟ್ಟಿ ದೊಡ್ಡದಾದರೆ ಮೆಮೊರಿ ಹೆಚ್ಚು ಬೇಕು, ನಿಜ. ಓದಿನ ಹೆಜ್ಜೆಗಳು ಮಾತ್ರ ಪಠ್ಯದ ಉದ್ದಕ್ಕೆ ಮತ್ತು ಸಿಕ್ಕ ಪದಗಳ ಸಂಖ್ಯೆಗೆ ತಕ್ಕಷ್ಟೇ.

ಕನ್ನಡಕ್ಕೆ ಬಳಸುವವರು ಒಂದು ಎಚ್ಚರ ವಹಿಸಬೇಕು. ಯುನಿಕೋಡ್‌ನಲ್ಲಿ ‘ಮನೆ’ ಎಂದರೆ ಮ, ನ, ಎತ್ವ ಎಂಬ ಮೂರು ಸಂಕೇತಗಳು. ಪಟ್ಟಿಯಲ್ಲಿ ‘ಮನ’ ಇದ್ದರೆ ಯಂತ್ರ ‘ಮನೆ’ಯೊಳಗೂ ಅದನ್ನು ಕಂಡುಬಿಡುತ್ತದೆ. ಹಾಗಾಗಿ ಪದ ಸಿಕ್ಕ ತಕ್ಷಣ ಮುಂದಿನ ಸಂಕೇತ ನೋಡಬೇಕು. ಅದು ಸ್ವರಚಿಹ್ನೆಯೋ, ಹಲಂತವೋ, ಸೊನ್ನೆಯೋ ಆಗಿದ್ದರೆ ಅಕ್ಷರ ಇನ್ನೂ ಮುಗಿದಿಲ್ಲ. ಆ ಫಲಿತಾಂಶವನ್ನು ಬಿಟ್ಟು ಓದು ಮುಂದುವರಿಸಬೇಕು.