ಬಣ್ಣದ ಸೀಳುಚಿತ್ರ ಬಿಡಿ, ಗೀರುಗಳನ್ನು ಓದಿ

ಸಮ್ಮೇಳನಗಳಲ್ಲಿ ಸಮುದ್ರದಡಿಯ ತೊಗಟೆಯ ಸೀಳುಚಿತ್ರ ಪರದೆಯ ಮೇಲೆ ಬರುತ್ತದೆ. ಮೇಲೆ ನೀಲಿ, ನಡುವೆ ಹಸಿರು, ಅಡಿಯಲ್ಲಿ ಕಡುಗೆಂಪು. ಸಭೆ ತಲೆದೂಗುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಅದಕ್ಕೆ ಮುಂಚೆ ಕ್ಷಣಮಾತ್ರ ತೋರಿಸಿದ ಕಪ್ಪು ಗೀರುಗಳ ಹಾಳೆಯನ್ನು ಒಬ್ಬರೂ ನೋಡಿರುವುದಿಲ್ಲ. ನನಗೆ ಮೈ ಉರಿಯುವುದು ಆಗ. ಬಣ್ಣದ ಚಿತ್ರ ಯಾರೋ ಬರೆದ ತೀರ್ಪು. ಸಾಕ್ಷಿ ನುಡಿಯುವುದು ಆ ಹಾಳೆ, ರೆಕಾರ್ಡ್ ಸೆಕ್ಷನ್. ರಸವೂ ಅಲ್ಲೇ ಇದೆ.

ಈ ಹಾಳೆ ಓದಲು ಕಲಿಯುವವರಿಗೆ ಜಪಾನ್ ಸಮುದ್ರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಪೆಸಿಫಿಕ್ ಫಲಕ ಅಡಿಗೆ ಜಾರುತ್ತಿದ್ದಾಗ ದ್ವೀಪಸಾಲಿನ ಬೆನ್ನ ಹಿಂದೆ ಏಷ್ಯಾದ ಅಂಚು ಸೀಳಿ ಹುಟ್ಟಿದ ಬ್ಯಾಕ್-ಆರ್ಕ್ ಬೇಸಿನ್ ಅದು. ತೆರೆಯುವ ಕೆಲಸ ಸುಮಾರು 1.5 ಕೋಟಿ ವರ್ಷಗಳ ಹಿಂದೆ ನಿಂತಿತು. ಉತ್ತರಕ್ಕೆ ಜಪಾನ್ ಬೇಸಿನ್, ಆಗ್ನೇಯಕ್ಕೆ ಯಮಾಟೊ ಬೇಸಿನ್, ನಡುವೆ ಯಮಾಟೊ ದಿಬ್ಬ.

ಹಾಳೆ ಹುಟ್ಟುವುದು ಹೀಗೆ: ಹಡಗು ಏರ್‌ಗನ್ ಸಿಡಿಸುತ್ತಾ ಸಾಗುತ್ತದೆ, ತಳದಲ್ಲಿ ಕುಳಿತ ಓಬಿಎಸ್, ಅಂದರೆ ಸಾಗರತಳದ ಕಂಪನಮಾಪಕ, ಕೇಳಿಸಿಕೊಳ್ಳುತ್ತದೆ. ಉಪಕರಣಗಳ ವಿವರ ಬೇರೆಲ್ಲಾದರೂ ಓದಿಕೊಳ್ಳಿ. ಹಾಳೆಯಲ್ಲಿ ಅಡ್ಡಕ್ಕೆ ದೂರ, ಲಂಬಕ್ಕೆ ಸಮಯ. ಆದರೆ ಆ ಸಮಯದಿಂದ ಒಂದು ಪಾಲು ಕಳೆದಿರುತ್ತಾರೆ: ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಅಷ್ಟು ದೂರ ಸಾಗಲು ಬೇಕಾಗುವ ಹೊತ್ತು. ಹಾಗಾಗಿ ಮ್ಯಾಂಟಲ್‌ನ ನೆತ್ತಿ ಸವರಿ ಬಂದ ಪಿ-ಎನ್ ಅಲೆ ಮಟ್ಟಸವಾಗಿ ಮಲಗುತ್ತದೆ. ತೊಗಟೆಯೊಳಗೇ ಓಡಿದ ಪಿ-ಜಿ ಓರೆಯಾಗಿ, ದೂರ ಹೋದಷ್ಟೂ ತಡವಾಗುತ್ತಾ ಸಾಗುತ್ತದೆ. ಇವೆರಡನ್ನು ಯಾರು ಬೇಕಾದರೂ ಗುರುತಿಸಬಹುದು.

ಇವುಗಳ ಹಿಂದೆ ಬರುವ ಪಿ-ಎಂ-ಪಿಗಾಗಿ ಕಾಯಬೇಕು. 1909ರ ಭೂಕಂಪವೊಂದರ ದಾಖಲೆಗಳಲ್ಲಿ ಮೊಹೊರೊವಿಚಿಚ್ ಗುರುತಿಸಿದ ತೊಗಟೆ-ಮ್ಯಾಂಟಲ್ ಗಡಿಗೆ, ಅಂದರೆ ಮೊಹೊಗೆ, ಬಡಿದು ಮರಳುವ ಅಲೆ ಅದು. ಹತ್ತಿರದಲ್ಲಿ ಕ್ಷೀಣ. ಒಂದು ನಿರ್ದಿಷ್ಟ ದೂರ ತಲುಪಿದಾಗ ಅಲೆಯ ಶಕ್ತಿಯೆಲ್ಲ ಹಿಂದಕ್ಕೇ ಮರಳಿ, ಹಾಳೆಯಲ್ಲಿ ಕಪ್ಪು ದಟ್ಟವಾಗುತ್ತದೆ. ಆ ದೂರವೇ ತೊಗಟೆಯ ದಪ್ಪ ಹೇಳಿಬಿಡುತ್ತದೆ. ಮಾಮೂಲಿ ಸಾಗರ ತೊಗಟೆ ಸುಮಾರು 7 ಕಿ.ಮೀ.; ಅಲ್ಲಿ ಪಿ-ಎಂ-ಪಿ 20-25 ಕಿ.ಮೀ. ಆಸುಪಾಸಿನಲ್ಲೇ ಮೆರೆಯುತ್ತದೆ. ತೊಗಟೆ ಇಮ್ಮಡಿ ದಪ್ಪವಿದ್ದರೆ 40 ದಾಟುವವರೆಗೆ ತಡೆದುಕೊಳ್ಳಬೇಕು.

ಪಿ-ಎಂ-ಪಿಯನ್ನು ನನಗೆ ತೋರಿಸಿದವರು ನಮ್ಮ ಮೇಷ್ಟ್ರು. ಉದ್ದನೆಯ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ, "ಕೆನ್ನೆ ಕಾಗದಕ್ಕೆ ತಾಗಿಸಿ ನೋಡಯ್ಯಾ" ಅಂದರು. ಬಡಗಿ ಹಲಗೆಯ ಅಂಚು ನೋಡುವ ಹಾಗೆ ಒಂದು ತುದಿಯಿಂದ ಕಣ್ಣು ಹಾಯಿಸಿದೆ. ಅಲ್ಲಿವರೆಗೆ ಗೊಂದಲವಾಗಿದ್ದ ಗೀರುಗಳ ನಡುವೆ ಕಪ್ಪು ಬಾಗೊಂದು ಎದ್ದು ಬಂತು. ಇಂದಿಗೂ ನಾನು ಪರದೆ ನಂಬದೆ ಹಾಳೆ ಮುದ್ರಿಸಿ ಹೀಗೇ ನೋಡುತ್ತೇನೆ, ನೀವೂ ನೋಡಿ.

ಅಲೆ ಬಂದ ಹೊತ್ತುಗಳಿಂದ ಬಣ್ಣದ ಸೀಳುಚಿತ್ರ ಕಟ್ಟುವ ಈಗಿನ ಟೊಮೊಗ್ರಫಿ ಮೋಹ ನನಗೆ ಹಿಡಿಸದು. ಮೊದಲು ಬಂದ ಅಲೆಗಳನ್ನಷ್ಟೇ ತಂತ್ರಾಂಶಕ್ಕೆ ಸುರಿದರೆ ಅದು ಎಲ್ಲವನ್ನೂ ನಯಮಾಡಿ ಬಿಡುತ್ತದೆ. ಆಮೇಲೆ ವೇಗದ ಒಂದು ಸಮರೇಖೆ ಆರಿಸಿ ಅದನ್ನೇ ಮೊಹೊ ಎನ್ನುತ್ತಾರೆ. ಪಿ-ಎಂ-ಪಿ ಇಲ್ಲದೆ ಎಳೆದ ಮೊಹೊ ನನ್ನ ಲೆಕ್ಕದಲ್ಲಿ ಮೊಹೊ ಅಲ್ಲವೇ ಅಲ್ಲ.

ಹಳೆಯ ದೊಡ್ಡ ಪ್ರಯೋಗಗಳಲ್ಲಿ ನನಗೆ ಅಚ್ಚುಮೆಚ್ಚು 1990ರ ಜಪಾನ್-ಸೋವಿಯತ್ ಜಂಟಿ ಯಾನ. ಜಪಾನ್ ಬೇಸಿನ್‌ನ ತೊಗಟೆ ಸಾಗರದ್ದೇ ಎಂದು ಅದು ಓಬಿಎಸ್‌ಗಳಿಂದ ತೋರಿಸಿಕೊಟ್ಟಿತು. ಯಮಾಟೊ ಬೇಸಿನ್ ಬೇರೆಯೇ ರಾಗ. ತೊಗಟೆ ಹತ್ತಿರ ಹತ್ತಿರ ಎರಡರಷ್ಟು ದಪ್ಪ. ಹಿಗ್ಗಿ ತೆಳುವಾದ ಭೂಖಂಡದೊಳಗೆ ಶಿಲಾರಸ ನುಗ್ಗಿದ್ದೋ, ಅತಿಯಾಗಿ ಉಕ್ಕಿದ ಸಾಗರ ತೊಗಟೆಯೋ? ಉತ್ತರ ಹುಡುಕಲು ನಡುತೊಗಟೆಗೆ ಹೋಗಿ. ಅಲೆಯ ವೇಗ ಸೆಕೆಂಡಿಗೆ 6 ಕಿ.ಮೀ. ಸುಮಾರಿರುವ ಪದರ ದಪ್ಪಗಿದ್ದರೆ ಗ್ರಾನೈಟಿನ ವಾಸನೆ, ಅಂದರೆ ಭೂಖಂಡದ ಕಡೆ; ಬಹುಪಾಲು 6.6ರಿಂದ 7.2ರೊಳಗಿದ್ದರೆ ಗ್ಯಾಬ್ರೊ, ಸಾಗರ ತೊಗಟೆಯ ಕಡೆ ಅನ್ನಬಹುದು. ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಆ ಹಾಳೆಗಳು ಹಳಸಿಲ್ಲ.

ನೆಟ್ಟಗೆ ಮರಳಿದ ಪ್ರತಿಧ್ವನಿಗಳಿಂದ ಕಟ್ಟುವ ಪ್ರತಿಫಲನ ಚಿತ್ರಗಳನ್ನು ಕುರುಡಾಗಿ ನಂಬುವವರು 1989ರ ಕೊರೆತ ನೆನಪಿಡಬೇಕು. ಜಾಯಿಡಿಸ್ ರೆಸಲ್ಯೂಷನ್ ಹಡಗು ಯಮಾಟೊ ಬೇಸಿನ್‌ನಲ್ಲಿ ಬಸಾಲ್ಟ್ ಮುಟ್ಟಿದಾಗ ಆ ಬಸಾಲ್ಟ್ ಪದರಗಳ ನಡುನಡುವೆ ಹೂಳಿನ ಪದರಗಳೂ ಸಿಕ್ಕವು. ಚಿತ್ರದಲ್ಲಿ ತಳಬಂಡೆಯಂತೆ ಹೊಳೆದದ್ದು ತಳವೇ ಆಗಿರಲಿಲ್ಲ.

ಹಾಳೆಯಲ್ಲಿ ಪಿ ಅಲೆಗಳ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಗಳನ್ನೂ ನೋಡಿ. ಬಂಡೆಯ ಜಾತಿ ಹೇಳಲು ಸಹಾಯಕ್ಕೆ ಬರುತ್ತವೆ. ಗುರುತ್ವದ ಗ್ರಾಫನ್ನು ಕೊನೆಗೆ ನೋಡಿದರೆ ಸಾಕು.

ನಮ್ಮ ಅಂಡಮಾನ್ ಸಮುದ್ರವೂ ಇದೇ ಬ್ಯಾಕ್-ಆರ್ಕ್ ಕುಲದ್ದು, ಇನ್ನೂ ತೆರೆಯುತ್ತಲೇ ಇದೆ. ಆದರೆ ಅಲ್ಲಿಂದ ಶುರುಮಾಡಬೇಡಿ. ಇರಾವತಿ ತಂದು ಸುರಿದ ಹೂಳು ಬಿರಿಯುವ ಅಕ್ಷವನ್ನೂ ಮುಚ್ಚಿದೆ, ಅಲೆಗಳು ಅದರಲ್ಲಿ ತಡವಾಗಿ ಗೀರುಗಳು ಕಲಸಿಹೋಗುತ್ತವೆ. ಮೊದಲು ಜಪಾನ್ ಬೇಸಿನ್‌ನ ಹಾಳೆಗಳಲ್ಲಿ ಪಿ-ಎಂ-ಪಿಯನ್ನು ಯಾರ ನೆರವೂ ಇಲ್ಲದೆ ಹಿಡಿಯುವಂತಾಗಿ, ಆಮೇಲೆ ಅಂಡಮಾನಿಗೆ ಬನ್ನಿ.